ಅತ್ತೆಯ ಕಾಯಿಲೆ, ಸೊಸೆಯ ಕಾಯಿಲೆ

ಅತ್ತಿಗೆಗೆ ಲೂಪಸ್ ಅಂತ ಗೊತ್ತಾದ ದಿನ ನಮ್ಮ ಮನೆಯಲ್ಲಿ ಎಲ್ಲರೂ ನಿರಾಳವಾಗಿ ಉಸಿರು ಬಿಟ್ಟೆವು. ಹೀಗೆ ಹೇಳಿದರೆ ಯಾರಾದರೂ ತಪ್ಪು ತಿಳಿಯಬಹುದು, ಆದರೆ ನಡೆದದ್ದು ಹಾಗೆಯೇ. ತಿಂಗಳುಗಟ್ಟಲೆ ಅವಳ ಕೂದಲು ಉದುರುತ್ತಿತ್ತು, ಬೆಳಿಗ್ಗೆ ಬೆರಳು ಮಡಚಲು ಆಗುತ್ತಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ನಿಂತಲ್ಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅಣ್ಣ ಹೆಂಡತಿಯನ್ನು ಕರೆದುಕೊಂಡು ಎರಡು ಮೂರು ಕಡೆ ಅಲೆದು, ಕೊನೆಗೆ ರಕ್ತದ ಪರೀಕ್ಷೆಯ ಫಲಿತಾಂಶ ಹಿಡಿದು ಅಂಗಡಿಯೊಳಗೆ ಬಂದು ಕಾಯಿಲೆಯ ಹೆಸರು ಹೇಳಿದ. ಅಮ್ಮ ಬಟ್ಟೆಯ ಕಲೆ ಉಜ್ಜುತ್ತಿದ್ದ ಬ್ರಷ್ ಕೆಳಗಿಟ್ಟಳು.

"ಅಯ್ಯೋ, ಇಷ್ಟೇನಾ! ಏನೋ ದೊಡ್ಡದು ಅಂದ್ಕೊಂಡು ನನ್ನ ಜೀವವೇ ಬಾಯಿಗೆ ಬಂದಿತ್ತು. ಇದು ನಮ್ಮನೇದೇ ಕಣೇ!"

ನಿಜ, ಅದು ನಮ್ಮ ಮನೆಯದೇ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಲೂಪಸ್ ಅಮ್ಮನ ಜೊತೆಗಿತ್ತು, ನಾಲ್ಕು ದಿನಕ್ಕೆಂದು ಬಂದು ಇಲ್ಲೇ ಉಳಿದುಬಿಟ್ಟ ನೆಂಟನ ಹಾಗೆ. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿಬೀಳುವ ಕಾಯಿಲೆ ಅದು. "ಬೇಲಿಯೇ ಎದ್ದು ಹೊಲ ಮೇಯೋದು" ಎಂದು ಅಮ್ಮ ಗಿರಾಕಿಗಳಿಗೆ ವಿವರಿಸುತ್ತಿದ್ದಳು. ಅವಳಿಗೆ ಬಿಸಿಲು ತಾಕಿದರೆ ಬಿಳಿ ಕೆನ್ನೆಗಳ ಮೇಲೆ, ಮೂಗಿನ ಆಚೆ ಈಚೆ, ಕೆಂಪು ಚಿಟ್ಟೆಯೊಂದು ರೆಕ್ಕೆ ಬಿಚ್ಚಿ ಕೂತಂತೆ ಆಗುತ್ತಿತ್ತು. ಜೊತೆಗೆ ಬೆಳಗಿನ ಕೀಲುನೋವು. ಅಷ್ಟೇ. ಮಾತ್ರೆ, ಉದ್ದ ತೋಳಿನ ರವಿಕೆ, ವರ್ಷವಿಡೀ ಕೈಯಲ್ಲೊಂದು ಛತ್ರಿ: ಇಷ್ಟರಲ್ಲಿ ಅವಳು ಅದನ್ನು ಪಳಗಿಸಿ ಇಟ್ಟಿದ್ದಳು. ನಮ್ಮ ರಸ್ತೆಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಅವಳು ಛತ್ರಿಯಮ್ಮ.

ನಮ್ಮದು ಲಾಂಡ್ರಿ. ಮುಂದೆ ಕೌಂಟರು, ಅಲ್ಲಿ ನಾನು ಕೂರುತ್ತೇನೆ. ನನ್ನ ಹಿಂದೆ ಮೂರು ದೊಡ್ಡ ಮಶೀನುಗಳು, ಅಣ್ಣನ ರಾಜ್ಯ. ಕಿಟಕಿಯ ಪಕ್ಕ ಕಲೆ ತೆಗೆಯುವ ಮೇಜು, ಅಮ್ಮನದು. ಅದರಾಚೆ ಆವಿಯ ಇಸ್ತ್ರಿ, ಅದು ಅತ್ತಿಗೆಯದು. ಅದಕ್ಕೂ ಹಿಂದೆ, ಬಟ್ಟೆ ಅಲುಬಿದ ನೀರನ್ನು ಬಕೆಟ್ಟಿನಲ್ಲಿ ತಂದು ಸುರಿಯುವ ಶೌಚಾಲಯ. ಮೇಲಿನ ಮಹಡಿಯಲ್ಲಿ ಮನೆ. ಇಡೀ ಕಟ್ಟಡಕ್ಕೆ ಸೋಪಿನ ವಾಸನೆ. ನಮಗೆ ಅದು ಗೊತ್ತಾಗುವುದಿಲ್ಲ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಗೊತ್ತಾಗುತ್ತದೆ.

ಅತ್ತಿಗೆ ನಮ್ಮ ಕಡೆಯವಳಲ್ಲ. ಅವಳ ಹಿರಿಯರು ಬಹಳ ಹಿಂದೆ ಕಡಲಾಚೆಯಿಂದ ಬಂದವರು. ದಟ್ಟ ಕಪ್ಪು ಮೈ, ಸ್ಪ್ರಿಂಗಿನಂಥ ಗುಂಗುರು ಕೂದಲು, ನಕ್ಕರೆ ಭುಜವೂ ನಗುತ್ತಿತ್ತು. ಅಣ್ಣ ಅವಳನ್ನು ಮದುವೆಯಾಗುತ್ತೇನೆ ಅಂದಾಗ ಅಮ್ಮ ಮುನಿಸಿಕೊಂಡದ್ದು ಉಂಟು. ಆದರೆ ಮದುವೆಯಾದ ವಾರದಲ್ಲೇ ಸೊಸೆ ಇಸ್ತ್ರಿ ಮಾಡಿದ ಶರ್ಟೊಂದರ ಕಾಲರನ್ನು ಬೆಳಕಿಗೆ ಹಿಡಿದು ನೋಡಿ, "ಹೂಂ, ಕೈಯಲ್ಲಿ ಬುದ್ಧಿ ಇದೆ" ಅಂದಳು. ಮುನಿಸು ಅಲ್ಲಿಗೇ ಮಡಿಸಿ ಇಟ್ಟ ಹಾಗೆ. ಬೀಗರ ಜೊತೆಗಿನ ದೂರ ಮಾತ್ರ ಹಾಗೇ ಉಳಿಯಿತು. ಜಗಳವೇನಿಲ್ಲ, ಹೋಗಿಬರುವುದೂ ಇಲ್ಲ.

ಈಗ ಇಬ್ಬರಿಗೂ ಒಂದೇ ಕಾಯಿಲೆ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಮ್ಮನೇಲಿ ಇಬ್ಬರಿಗೂ ಒಂದೇ ಕಾಲ" ಎಂದು ಅಣ್ಣ ತಮಾಷೆ ಮಾಡಿದ. ಅಮ್ಮ ಸೊಸೆಗೆ ಛತ್ರಿ ತಂದಳು, ಟೋಪಿ ತಂದಳು, ಯಾವ ಮಾತ್ರೆ ಹೊಟ್ಟೆ ತುಂಬಿದ ಮೇಲೆ ನುಂಗಬೇಕು, ಕೀಲಿಗೆ ಯಾವಾಗ ಬಿಸಿನೀರು, ಎಲ್ಲ ಹೇಳಿಕೊಟ್ಟಳು. ಅಷ್ಟು ಪ್ರೀತಿಯಿಂದ ಅವಳು ಇನ್ನೇನನ್ನೂ ಯಾರಿಗೂ ಕಲಿಸಿದ್ದನ್ನು ನಾನು ಕಂಡಿರಲಿಲ್ಲ.

"ಅತ್ತೆ, ನನ್ನ ರಕ್ತ ಪರೀಕ್ಷೆ ಮಾಡಿದ ಕ್ಲಿನಿಕ್ಕಿನವರು ಆಗಾಗ ಮೂತ್ರ ಪರೀಕ್ಷೆ ಮಾಡಿಸ್ಬೇಕು ಅಂದಿದಾರೆ" ಎಂದಿದ್ದಳು ಅತ್ತಿಗೆ ಒಮ್ಮೆ.

"ನನಗೂ ಹೇಳ್ತಾರೆ. ಇಷ್ಟು ವರ್ಷದಲ್ಲಿ ಒಂದು ಸಲವಾದ್ರೂ ಅದರಲ್ಲಿ ಏನಾದ್ರೂ ಸಿಕ್ಕಿದ್ಯಾ? ಬಾಟ್ಲಿ ತುಂಬಿದ್ದೇ ಬಂತು. ನೀನು ಮೊನ್ನೆ ಕೊಟ್ಟಾಗ್ಲೂ ಏನೂ ಇರ್ಲಿಲ್ವಲ್ಲ. ಬಿಸಿಲಿಗೆ ಹೋಗ್ಬೇಡ, ಅಷ್ಟೇ. ಮಿಕ್ಕಿದ್ದು ನಾನಿದೀನಿ."

ಅತ್ತಿಗೆ ತಲೆಯಾಡಿಸಿದಳು. ಆಮೇಲೆ ಆ ಪರೀಕ್ಷೆಗೆ ಹೋಗಲಿಲ್ಲ.

ಒಂದು ವರ್ಷ ಕಳೆಯುವ ಹೊತ್ತಿಗೆ ಅತ್ತಿಗೆಯ ಮಾತು ಕಡಿಮೆಯಾಯಿತು. ಮಾತು ಕಡಿಮೆಯಾಗುವುದು ಬೇರೆ, ಮೌನ ಹೆಚ್ಚುವುದು ಬೇರೆ. ಮೊದಲನೆಯದು ಆಯಾಸ. ಎರಡನೆಯದರೊಳಗೆ ಏನೋ ಕೂತಿರುತ್ತದೆ. ಅವಳು ಇಸ್ತ್ರಿಯ ಮುಂದೆ ನಿಂತು, ಕಾಲಿನಿಂದ ಪೆಡಲ್ ಒತ್ತಿ, ಆವಿ ಏಳುವಾಗ ಮುಖ ಆಚೆ ತಿರುಗಿಸಿ ಒಂದು ಕ್ಷಣ ಹಾಗೇ ನಿಲ್ಲುತ್ತಿದ್ದಳು. ಸಂಜೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮಹಡಿ ಹತ್ತುತ್ತಿದ್ದಳು. ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಹಿಡಿಸುತ್ತಿರಲಿಲ್ಲ. ಆದರೆ ಲಾಂಡ್ರಿಯಲ್ಲಿ ಯಾರ ಕಾಲು ಊದಿಲ್ಲ? ಅಣ್ಣನದೂ ಊದುತ್ತದೆ. "ನಿಂತು ದುಡಿಯೋರ ಕಾಲು ಅದು, ದಿಂಬಿನ ಮೇಲಿಟ್ಕೊಂಡು ಮಲಗು" ಎಂದು ಅಮ್ಮ ತಾನೇ ದಿಂಬು ತಂದು ಇಡುತ್ತಿದ್ದಳು. ಅತ್ತಿಗೆಯ ಕೆನ್ನೆಯ ಮೇಲೆ ಒಂದು ಗಾಢ ನೆರಳು ಬಂದಿತ್ತು. ಆವಿಯ ಝಳ ಅಂದುಕೊಂಡೆವು. ಅಮ್ಮನ ಚಿಟ್ಟೆ ಕೆಂಪಗಿತ್ತು. ಕಪ್ಪು ಕೆನ್ನೆಯ ಮೇಲೆ ಅದೇ ಚಿಟ್ಟೆ ನೇರಳೆಯಾಗಿ, ಕಂದಾಗಿ ಕೂರುತ್ತದೆ ಅನ್ನುವುದು ನಮ್ಮ ಮನೆಯ ಜ್ಞಾನದಲ್ಲಿ ಇರಲಿಲ್ಲ.

ಅಮ್ಮನ ಮಾಮೂಲಿ ತಪಾಸಣೆಯ ದಿನ ಬಂತು. ಅವಳನ್ನು ನೋಡುತ್ತಿದ್ದ ಹಳೆಯ ಡಾಕ್ಟರು ನಿವೃತ್ತರಾಗಿ, ಆ ಜಾಗಕ್ಕೆ ಹೊಸಬರೊಬ್ಬರು ಬಂದಿದ್ದರು. ಮೆಲ್ಲಗೆ ಮಾತಾಡುವ, ಗಿಡ್ಡನೆಯ ಹೆಂಗಸು. ಅಮ್ಮ ಅತ್ತಿಗೆಯನ್ನೂ ಹೊರಡಿಸಿದಳು. ನಾನು ವ್ಯಾನ್ ಓಡಿಸಬೇಕಿತ್ತು. ಹೊರಗೆ ಕೂರುತ್ತೇನೆ ಅಂದರೆ ಬಿಡಲಿಲ್ಲ. "ಓದಿದವನು ಒಬ್ಬ ಜೊತೆಗಿರ್ಬೇಕು. ಬಾ, ಬಾಯಿ ಬಿಡದಿದ್ರೂ ಪರ್ವಾಗಿಲ್ಲ, ಕಿವಿ ತೆರ್ಕೊಂಡಿರು."

ಡಾಕ್ಟರು ಅಮ್ಮನನ್ನು ನೋಡಿ ಮುಗಿಸಿದ ಮೇಲೆ ಅಮ್ಮ ಹೆಮ್ಮೆಯಿಂದ ಹೇಳಿದಳು: "ಇವಳು ನನ್ನ ಸೊಸೆ. ಇವಳಿಗೂ ಇದೇ. ಎಲ್ಲಾ ನಾನೇ ನೋಡ್ಕೋತಿದೀನಿ."

ಡಾಕ್ಟರು ಅತ್ತಿಗೆಯ ಕಡೆ ತಿರುಗಿದರು. "ಹೇಗಿದೀರಾ?"

"ಚೆನ್ನಾಗಿದಾಳೆ" ಅಂದಳು ಅಮ್ಮ. "ನನ್ನ ಹಾಗೇ. ಸ್ವಲ್ಪ ಸುಸ್ತು."

"ಕೀಲುನೋವು?"

"ಬೆಳಿಗ್ಗೆ ಹೊತ್ತು. ನನ್ನ ಹಾಗೇ."

"ಮೂತ್ರದಲ್ಲಿ ನೊರೆ ಬರುತ್ತಾ?"

ಅಮ್ಮ ಜೋರಾಗಿ ನಕ್ಕಳು. "ಡಾಕ್ಟ್ರೇ, ನಮ್ದು ಲಾಂಡ್ರಿ. ನಮ್ಮನೇಲಿ ನೊರೆ ಬರದೇ ಇರೋ ಜಾಗ ಯಾವ್ದಿದೆ ಹೇಳಿ? ಶೌಚಕ್ಕೆ ಹೋದ್ರೆ ಮೋಡದ ಮೇಲೆ ಕೂತ ಹಾಗಿರುತ್ತೆ!"

ನನಗೂ ನಗು ಬಂತು. ನರ್ಸೂ ನಕ್ಕಳು. ನಗದವರು ಇಬ್ಬರೇ, ಡಾಕ್ಟರು ಮತ್ತು ಅತ್ತಿಗೆ. ಡಾಕ್ಟರು ಎದ್ದು ಬಂದು, ನೆಲದ ಮೇಲೆ ಒಂದು ಮೊಣಕಾಲೂರಿ, ಅತ್ತಿಗೆಯ ಕಣಕಾಲಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದರು. ಬೆರಳು ತೆಗೆದಾಗ ಅಲ್ಲಿ ಒಂದು ಕುಳಿ ಉಳಿಯಿತು. ನಾದಿದ ಹಿಟ್ಟಿನಲ್ಲಿ ಉಳಿಯುವ ಹಾಗೆ. ನಾವೆಲ್ಲ ಅದು ತುಂಬಿಕೊಳ್ಳಲಿ ಅಂತ ಕಾಯುತ್ತಾ ನೋಡಿದೆವು. ಅದು ತುಂಬಿಕೊಳ್ಳಲಿಲ್ಲ.

ರಕ್ತದೊತ್ತಡ ನೋಡಿದರು. ಅತ್ತಿಗೆಯ ವಯಸ್ಸಿಗೆ ಇರಬಾರದಷ್ಟು ಇತ್ತು. ಪಕ್ಕದ ಶೌಚಾಲಯಕ್ಕೆ ಕಳಿಸಿ ಮೂತ್ರ ತರಿಸಿದರು. ನರ್ಸು ಅದರಲ್ಲಿ ಒಂದು ಸಣ್ಣ ಪಟ್ಟಿ ಅದ್ದಿದಳು. ಹಳದಿ ಇದ್ದ ಚೌಕ ಹಸಿರಾಯಿತು, ಹಸಿರು ಇನ್ನೂ ಕಪ್ಪಾಯಿತು.

"ಕೈಯಲ್ಲಿ ಸೋಪು ಅಂಟಿತ್ತೇನೋ" ಅಂದಳು ಅಮ್ಮ. ಈ ಸಲ ಅವಳ ದನಿ ಸಣ್ಣದಾಗಿತ್ತು.

"ಸೋಪಿಗೆ ಇದು ಹೀಗಾಗಲ್ಲ ಅಮ್ಮಾ. ಕಿಡ್ನಿಯಿಂದ ಪ್ರೋಟೀನು ಸೋರ್ತಾ ಇದೆ. ನೊರೆ ಬರೋದು ಅದಕ್ಕೇ."

ಡಾಕ್ಟರು ವಿವರಿಸಿದ್ದು ನನಗೆ ಈಗಲೂ ನೆನಪಿದೆ. ಒಂದೇ ಹೆಸರಿನ ಕಾಯಿಲೆ ಎಲ್ಲರಲ್ಲೂ ಒಂದೇ ಥರ ನಡೆಯುವುದಿಲ್ಲ. ಅಮ್ಮನಲ್ಲಿ ಅದು ಚರ್ಮ ಮತ್ತು ಕೀಲುಗಳ ಮಟ್ಟಕ್ಕೇ ನಿಂತಿತ್ತು. ಅತ್ತಿಗೆಯ ಮೂಲದವರಲ್ಲಿ ಲೂಪಸ್ ಹೆಚ್ಚಾಗಿ ಚಿಕ್ಕ ವಯಸ್ಸಿಗೇ ಬರುತ್ತದೆ, ಜೋರಾಗಿ ಬರುತ್ತದೆ, ಕಿಡ್ನಿಗೆ ಇಳಿಯುವುದೂ ಜಾಸ್ತಿ. "ಯಾಕೆ ಅಂತ ಪೂರ್ತಿ ಗೊತ್ತಿಲ್ಲ. ಸ್ವಲ್ಪ ರಕ್ತದಲ್ಲಿ ಬಂದದ್ದು, ಸ್ವಲ್ಪ ಬದುಕು ಮಾಡಿದ್ದು. ಚರ್ಮದ ಮೇಲೆ ನಮ್ಮ ಕಣ್ಣಿಗೆ ಬೇಗ ಕಾಣಲ್ಲ, ಅವರೂ ತಡವಾಗಿ ಬರ್ತಾರೆ. ಜನಾಂಗ ನೋಡಿ ಕಾಯಿಲೆ ಹೇಳೋಕಾಗಲ್ಲ ಅಮ್ಮಾ. ಆದ್ರೆ ಎಲ್ಲಿ ಮೊದ್ಲು ಹುಡುಕ್ಬೇಕು ಅನ್ನೋದು ಗೊತ್ತಾಗುತ್ತೆ."

ಬೆನ್ನಿನ ಕಡೆಯಿಂದ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ನೋಡಬೇಕು ಅಂದರು. ಆಮೇಲೆ ಜೋರು ಔಷಧಿ ಶುರು ಮಾಡಬೇಕು. ತಡ ಮಾಡಿದರೆ ಕಿಡ್ನಿ ಉಳಿಯುವ ಭರವಸೆ ಇಲ್ಲ.

ಅಲ್ಲಿಯವರೆಗೆ ಒಂದೂ ಮಾತಾಡದಿದ್ದ ಅತ್ತಿಗೆ ಆಗ ಬಾಯಿ ತೆರೆದಳು. "ಸೂಜಿ ಬೇಡ" ಅಂದಳು. ಎದ್ದು ಹೊರಗೆ ಹೋದಳು.

ವ್ಯಾನಿನ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತು ಮನೆಗೆ ಬಂದೆವು. ಕೆಂಪು ದೀಪದಲ್ಲಿ ನಿಂತಾಗ ಅಮ್ಮ ಟ್ರಾಫಿಕ್ಕಿಗೆ ಬೈಯಲಿಲ್ಲ. ಸೊಸೆಯ ಮುಖಕ್ಕೆ ಬಿಸಿಲು ಬೀಳುತ್ತಿದ್ದರೂ ಛತ್ರಿ ಅಡ್ಡ ಹಿಡಿಯಲಿಲ್ಲ. ಹಿಡಿಯಲು ಕೈ ಎತ್ತಿದ್ದು ಕಂಡೆ. ಅರ್ಧಕ್ಕೆ ಇಳಿಸಿದಳು.

ಬಂದವಳೇ ಅಮ್ಮ ಕಲೆಯ ಮೇಜಿನ ಮುಂದೆ ಕೂತಳು. ಒಂದು ರೇಷ್ಮೆಯ ಮೇಲಂಗಿಗೆ ಹಣ್ಣಿನ ರಸ ಚೆಲ್ಲಿತ್ತು. ಅವಳು ಕೆಲಸಕ್ಕೆ ಬರುವ ಹೊಸಬರಿಗೆಲ್ಲ ಹೇಳಿಕೊಡುವ ಮೊದಲ ಪಾಠ ಒಂದೇ: ಕಲೆ ಯಾವುದು ಅಂತ ಆಮೇಲೆ ಕೇಳು, ಬಟ್ಟೆ ಯಾವುದು ಅಂತ ಮೊದಲು ನೋಡು. ಹತ್ತಿಯಲ್ಲಿ ಕಲೆ ಬಿಡಿಸುವ ದ್ರವ ರೇಷ್ಮೆಯನ್ನು ತಿಂದುಹಾಕುತ್ತದೆ. ಅವಳು ಆ ಮೇಲಂಗಿಯನ್ನು ಬೆರಳ ತುದಿಯಲ್ಲಿ ಸವರುತ್ತಾ ತುಂಬ ಹೊತ್ತು ಕೂತಿದ್ದಳು. ಆಮೇಲೆ ಅದನ್ನು ಹಾಗೇ ಬಿಟ್ಟು ಎದ್ದಳು.

"ಇದನ್ನೇ ಊರಿಗೆಲ್ಲ ಹೇಳ್ಕೊಂಡು ಬಂದೆ" ಅಂದಳು, ನನಗಲ್ಲ, ಕಿಟಕಿಗೆ. "ನನ್ನ ಮನೆಗೇ ಹೇಳ್ಕೊಳ್ಲಿಲ್ಲ."

ಮಹಡಿಯ ಮೇಲೆ ಅಣ್ಣ ಅತ್ತಿಗೆಯ ಜೊತೆ ವಾದಿಸುತ್ತಿದ್ದ. ಬೇಡಿದ, ಗದರಿದ, ಕೊನೆಗೆ ಕಣ್ಣಲ್ಲಿ ನೀರು ತಂದುಕೊಂಡ. ಅತ್ತಿಗೆ ಗೋಡೆ ನೋಡುತ್ತಾ ಕೂತಿದ್ದಳು. ಅಮ್ಮ ಒಳಗೆ ಹೋಗಿ, "ನೀನು ಕೆಳಗೆ ಹೋಗೋ, ಮಶೀನು ಕೂಗ್ತಿದೆ" ಎಂದು ಅವನನ್ನು ಕಳಿಸಿದಳು. ನಾನು ಬಾಗಿಲ ಬಳಿ ನಿಂತಿದ್ದೆ. ನನ್ನನ್ನು ಕಳಿಸಲಿಲ್ಲ. ನಾನಿರುವುದು ಅವರ ಲೆಕ್ಕಕ್ಕೆ ಸಾಮಾನ್ಯವಾಗಿ ಬರುವುದಿಲ್ಲ.

ಅಮ್ಮ ಮಂಚದ ತುದಿಯಲ್ಲಿ ಕೂತಳು. "ಹೇಳು."

"ಏನು ಹೇಳ್ಲಿ ಅತ್ತೆ?"

"ಗೊತ್ತಿಲ್ಲ. ಅದಕ್ಕೇ ಕೇಳ್ತಿರೋದು."

ಅಮ್ಮನ ಬಾಯಿಂದ 'ಗೊತ್ತಿಲ್ಲ' ಅನ್ನುವುದನ್ನು ಅತ್ತಿಗೆ ಅದೇ ಮೊದಲು ಕೇಳಿದ್ದಿರಬೇಕು. ತಿರುಗಿ ನೋಡಿದಳು. ಆಮೇಲೂ ಮಾತು ಬರಲು ಹೊತ್ತು ಹಿಡಿಯಿತು. ಅಮ್ಮ ಆ ಹೊತ್ತನ್ನು ತುಂಬಿಸಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸ ಅನ್ನುವುದು ಅವಳ ಕುತ್ತಿಗೆಯ ನರದಲ್ಲಿ ಕಾಣುತ್ತಿತ್ತು.

"ನೊರೆ ಬರೋದು ಗೊತ್ತಿತ್ತು" ಅಂದಳು ಅತ್ತಿಗೆ. "ಅಂಗಡಿಗೆ ರಜೆ ಇದ್ದಾಗ್ಲೂ ಬರ್ತಿತ್ತು. ಮೆಟ್ಲು ಹತ್ತಿದ್ರೆ ಉಸಿರು ಕಟ್ತಿತ್ತು."

"ಹೇಳ್ಬಾರ್ದಿತ್ತಾ?"

"ಹೇಳೋಕೆ ಬಾಯಿ ತೆಗೆದಾಗೆಲ್ಲ ನಿಮಗೆ ಮೊದ್ಲೇ ಗೊತ್ತಿರ್ತಿತ್ತು ಅತ್ತೆ."

ಅದರಲ್ಲಿ ಚುಚ್ಚು ಇರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಅಮ್ಮ "ಹೂಂ" ಅಂದಳು, ಅಷ್ಟೇ. ತನ್ನ ಪರವಾಗಿ ಹೇಳಿಕೊಳ್ಳಲು ಅವಳ ಬಳಿ ಎಷ್ಟೋ ಮಾತಿತ್ತು, ಒಂದನ್ನೂ ಹೇಳಲಿಲ್ಲ. ನಾನು ಅಮ್ಮನ ಬಗ್ಗೆ ಹೆಮ್ಮೆಪಟ್ಟ ಸಂದರ್ಭಗಳನ್ನು ಯಾರಾದರೂ ಕೇಳಿದರೆ ಆ "ಹೂಂ" ಅನ್ನು ಮೊದಲು ಹೇಳುತ್ತೇನೆ.

"ಸೂಜಿ ಯಾಕೆ ಬೇಡ?"

"ನನ್ನ ದೊಡ್ಡಮ್ಮ, ನನ್ನಮ್ಮನ ಅಕ್ಕ, ಆಸ್ಪತ್ರೆಗೆ ನಡ್ಕೊಂಡೇ ಹೋಗಿದ್ಲು. ನನ್ನ ಕೆನ್ನೆ ಹಿಂಡಿ, ಸಂಜೆ ಬರ್ತೀನಿ ಅಂದಿದ್ಲು. ಬೆನ್ನಿಗೆ ಸೂಜಿ ಹಾಕಿದ್ರಂತೆ. ವಾಪಸ್ ಬರ್ಲಿಲ್ಲ. ನಾನು ಇಲ್ಲೇ ಇದ್ದು ಎಷ್ಟು ದಿನ ಆಗುತ್ತೋ ಅಷ್ಟು ದಿನ ಬಟ್ಟೆ ಇಸ್ತ್ರಿ ಮಾಡ್ತೀನಿ. ನಡ್ಕೊಂಡು ಹೋಗಿ ಸಾಯಲ್ಲ."

ಇನ್ಯಾವತ್ತಾದರೂ ಆಗಿದ್ದರೆ ಅಮ್ಮ, ಹುಚ್ಚಿ, ಸೂಜಿಗೆ ಯಾರಾದ್ರೂ ಸಾಯ್ತಾರಾ, ನನಗೆ ಗೊತ್ತು, ಎಂದು ಶುರು ಮಾಡುತ್ತಿದ್ದಳು. ಈಗ ಎದ್ದಳು. "ನಿಮ್ಮಮ್ಮ ಇಷ್ಟು ಹೊತ್ತಿನಲ್ಲಿ ಎಲ್ಲಿರ್ತಾರೆ?" ಅಂತ ಮಾತ್ರ ಕೇಳಿದಳು.

ಬೀಗಿತ್ತಿ ಕೂದಲು ಹೆಣೆಯುವ ಸಣ್ಣ ಪಾರ್ಲರ್ ನಡೆಸುತ್ತಿದ್ದರು. ಎರಡು ಕುರ್ಚಿ, ಒಂದು ಕನ್ನಡಿ, ಗೋಡೆಯ ತುಂಬ ಬಣ್ಣಬಣ್ಣದ ದಾರದ ಉಂಡೆಗಳು. ನಾನೂ ಅಮ್ಮನೂ ಹೋದಾಗ ಗಿರಾಕಿಯೊಬ್ಬಳ ಗುಂಗುರು ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಸಣ್ಣ ಜಡೆಗಳನ್ನು ಹಾಕುತ್ತಿದ್ದರು. ಅರ್ಧ ತಲೆ ಮುಗಿದಿತ್ತು. ಇನ್ನರ್ಧ ಎದ್ದು ನಿಂತಿತ್ತು. ಕನ್ನಡಿಯಲ್ಲಿ ಅಮ್ಮನನ್ನು ಕಂಡು ಬೀಗಿತ್ತಿಯ ಕೈ ನಿಂತಿತು.

"ಏನು ಬೀಗರು! ದಾರಿ ತಪ್ಪಿ ಬಂದ್ರಾ?"

"ಇಲ್ಲ" ಅಂದಳು ಅಮ್ಮ. "ತಪ್ಪಿದ್ದು ಗೊತ್ತಾಗಿ ಬಂದೆ."

ಛತ್ರಿ ಮಡಚಿ ಮೂಲೆಗಿಟ್ಟು, ಖಾಲಿ ಕುರ್ಚಿಯಲ್ಲಿ ಕೂತು, ಎಲ್ಲ ಹೇಳಿದಳು. ಮಗಳ ಕಿಡ್ನಿಯ ವಿಷಯ, ತಾನು ಪರೀಕ್ಷೆ ತಪ್ಪಿಸಿದ್ದು, ನೊರೆಯ ಬಗ್ಗೆ ಜೋಕು ಮಾಡಿದ್ದು, ಒಂದನ್ನೂ ಬಿಡದೆ. "ನನಗೆ ಬಂದದ್ದೇ ಎಲ್ಲರಿಗೂ ಬರೋದು ಅಂದ್ಕೊಂಡೆ. ನಿಮ್ಮ ಕಡೆ ಇದು ಹೇಗೆ ಬರುತ್ತೆ ಅಂತ ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ. ಈಗ ಕೇಳ್ತಿದೀನಿ. ನಿಮ್ಮಕ್ಕನಿಗೆ ಏನಾಗಿತ್ತು?"

ಬೀಗಿತ್ತಿ ಗಿರಾಕಿಯ ತಲೆಯ ಮೇಲೆ ಕೈಯೂರಿ ನಿಂತರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ತಪ್ಪೂ ಇರಲಿಲ್ಲ.

"ಕಾಲು ಊದಿದ್ದನ್ನ ಅಕ್ಕ ವರ್ಷಗಟ್ಟಲೆ ಉದ್ದ ಲಂಗದಲ್ಲಿ ಮುಚ್ಕೊಂಡಿದ್ಲು" ಅಂದರು ನಿಧಾನಕ್ಕೆ. "ಮುಖ ಊದಿದ್ರೆ, ದಪ್ಪ ಆಗಿದೀನಿ ಅಂತ ನಗ್ತಿದ್ಲು. ಆಸ್ಪತ್ರೆ ಅಂದ್ರೆ ಆಗ್ತಿರ್ಲಿಲ್ಲ. ಹೋದಾಗ ಎರಡೂ ಕಿಡ್ನಿ ಮುಗಿದುಹೋಗಿತ್ತು. ಸೂಜಿ ಗೀಜಿ ಯಾವ್ದೂ ಹಾಕ್ಲೇ ಇಲ್ಲ, ಅಷ್ಟು ಹೊತ್ತೂ ಇರ್ಲಿಲ್ಲ."

"ಮತ್ತೆ ಇವಳು ಸೂಜಿ ಅಂತಾಳೆ?"

"ಮಗು ಆಗ. ಏನಂತ ಹೇಳೋದು ಅದಕ್ಕೆ? ಆಸ್ಪತ್ರೆಗೆ ಹೋದ್ಲು, ಬರ್ಲಿಲ್ಲ ಅಂದೆ. ಸೂಜಿ ಎಲ್ಲಿಂದ ಬಂತೋ, ಅವಳೇ ಸೇರಿಸ್ಕೊಂಡಿರ್ಬೇಕು. ಆಮೇಲೆ ಅಕ್ಕನ ಮಾತು ನಮ್ಮನೇಲಿ ಯಾರೂ ಎತ್ತಿಲ್ಲ."

ಒಂದು ಮನೆಯಲ್ಲಿ ಮಾತು ಹೆಚ್ಚಾಗಿ ಸೊಸೆಯ ನೊರೆ ಮುಚ್ಚಿಹೋಗಿತ್ತು. ಇನ್ನೊಂದು ಮನೆಯಲ್ಲಿ ಮಾತಿಲ್ಲದೆ ಒಂದು ಸಾವು ತಪ್ಪಾಗಿ ಬೆಳೆದಿತ್ತು. ಎರಡರ ನಡುವೆ ಅತ್ತಿಗೆ.

ಬೀಗಿತ್ತಿ ಏಪ್ರನ್ ಬಿಚ್ಚಿದರು. ಕುರ್ಚಿಯಲ್ಲಿದ್ದವಳು ಕಂಗಾಲಾಗಿ, "ಅಕ್ಕಾ, ನನ್ನ ಅರ್ಧ ತಲೆ?" ಅಂದಳು.

"ಸಂಜೆ ಬಾ. ಅಲ್ಲಿವರೆಗೂ ಸ್ಕಾರ್ಫ್ ಕಟ್ಕೋ. ಅರ್ಧ ತಲೆ ಇಟ್ಕೊಂಡು ಎಷ್ಟು ಜನ ಊರಾಳ್ತಿದಾರೆ, ನಿನ್ನದೇನು ಮಹಾ."

ಆ ಹೆಂಗಸು ಒಂದು ಗಳಿಗೆ ಯೋಚಿಸಿ, "ಹೋಗಿ, ಹೋಗಿ. ಮಗಳು ಮುಖ್ಯ" ಎಂದು ತಾನೇ ಸ್ಕಾರ್ಫ್ ಹುಡುಕತೊಡಗಿದಳು.

ನಮ್ಮ ಮಹಡಿ ಹತ್ತುವಾಗ ಬೀಗಿತ್ತಿ ಮುಂದೆ, ಅಮ್ಮ ಹಿಂದೆ. ತಾಯಿಯನ್ನು ಕಂಡು ಅತ್ತಿಗೆ ಎದ್ದು ನಿಂತಳು. ಬೀಗಿತ್ತಿ ಸುತ್ತುಬಳಸಲಿಲ್ಲ. ಮಗಳ ಎರಡೂ ಕೈ ಹಿಡಿದು, ಪಾರ್ಲರಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರು. ಲಂಗ, ಊತ, ನಗು, ತಡ. ಹೇಳುತ್ತಾ ಹೇಳುತ್ತಾ ಅವರ ದನಿ ಒಡೆಯಿತು. ಅತ್ತಿಗೆಯ ಕಣ್ಣಲ್ಲಿ ನೀರು ಬರುವ ಬದಲು ಸಿಟ್ಟು ಬಂತು.

"ಸೂಜಿ ಹಾಕ್ಲಿಲ್ವಾ?"

"ಇಲ್ಲ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

"ನಾನು ಅವಳ ಹೆಸರೆತ್ತಿದ್ರೆ ನೀನು ಎದ್ದು ಅಡುಗೆಮನೆಗೆ ಹೋಗ್ತಿದ್ದೆ!"

"ಹೌದು" ಅಂದರು ಬೀಗಿತ್ತಿ. "ಹೋಗ್ತಿದ್ದೆ."

ಕೆಳಗೆ ಮಶೀನೊಂದು ಕೊನೆಯ ಸುತ್ತು ತಿರುಗಿ ನಿಂತದ್ದು ಕೇಳಿಸಿತು. ಇಬ್ಬರು ಹಿರಿಯ ಹೆಂಗಸರು ನಿಂತಿದ್ದರು. ಒಬ್ಬಳು ಎಲ್ಲ ಗೊತ್ತು ಅಂದುಕೊಂಡಿದ್ದಳು, ಇನ್ನೊಬ್ಬಳು ಏನೂ ಹೇಳಿರಲಿಲ್ಲ. ಇಬ್ಬರೂ ಈಗ ಶಿಕ್ಷೆಗೆ ಕಾಯುವ ಮಕ್ಕಳ ಹಾಗೆ ಅವಳನ್ನೇ ನೋಡುತ್ತಿದ್ದರು. ಅತ್ತಿಗೆ ಒಬ್ಬರಿಂದ ಒಬ್ಬರಿಗೆ ಕಣ್ಣು ಹಾಯಿಸಿದಳು. ಆಮೇಲೆ ಮಂಚದ ಮೇಲೆ ಕೂತು, ತನ್ನ ಕಣಕಾಲಿಗೆ ತಾನೇ ಹೆಬ್ಬೆರಳು ಒತ್ತಿ, ಬಿಟ್ಟು, ಆ ಕುಳಿಯನ್ನು ನೋಡಿದಳು. ಅವಳು ಅದನ್ನು ನೋಡಿದ ರೀತಿಯಲ್ಲಿ ಹೆದರಿಕೆ ಇತ್ತು, ಆದರೆ ಈಗ ಅದು ಎಷ್ಟಿದೆ ಅನ್ನುವುದರ ಅಳತೆ ಸಿಕ್ಕ ಹಾಗಿತ್ತು.

"ಸೂಜಿಗೆ ಹೋಗ್ತೀನಿ" ಅಂದಳು. "ನೀವಿಬ್ರೂ ಜೊತೆಗೆ ಬರ್ಬೇಕು."

"ಬರ್ದೇ ಇರ್ತೀವಾ!" ಇಬ್ಬರೂ ಒಟ್ಟಿಗೆ.

"ಆದ್ರೆ ಇಬ್ರೂ ಮಾತಾಡ್ಬಾರ್ದು. ಡಾಕ್ಟ್ರ ಹತ್ರ ನಾನೇ ಮಾತಾಡ್ತೀನಿ."

ಮಾತಾಡಿದಳು ಕೂಡ. ಸೂಜಿ ಎಷ್ಟು ಉದ್ದ, ಎಷ್ಟು ಹೊತ್ತು ಅಂಗಾತ ಮಲಗಬೇಕು, ರಕ್ತ ಬಂದರೆ ಯಾರನ್ನು ಕರೆಯಬೇಕು, ಚೂರಿನಲ್ಲಿ ಏನು ನೋಡುತ್ತೀರಿ, ಯಾವ ಔಷಧಿ, ಯಾಕೆ ಅದೇ. ಡಾಕ್ಟರು ಒಂದೊಂದಕ್ಕೂ ಉತ್ತರ ಕೊಟ್ಟರು. ಅವಳ ಮೂಲದವರಿಗೆ ಒಂದು ಔಷಧಿ ಇನ್ನೊಂದಕ್ಕಿಂತ ಹೆಚ್ಚು ಹಿಡಿಯುತ್ತದೆ ಅಂತ ಕಂಡುಬಂದಿದೆ, ಅದರಿಂದಲೇ ಶುರು ಮಾಡೋಣ ಅಂದರು. ಅದನ್ನು ತೆಗೆದುಕೊಳ್ಳುವಷ್ಟು ಕಾಲ ಮಗು ಆಗುವ ಹಾಗಿಲ್ಲ ಅಂದಾಗ ಅತ್ತಿಗೆ ಹಿಂದಕ್ಕೆ ತಿರುಗಿ ನೋಡಿದಳು. ಗೋಡೆಯ ಬಳಿಯ ಬೆಂಚಿನ ಮೇಲೆ ಅಮ್ಮ, ಬೀಗಿತ್ತಿ ಇಬ್ಬರೂ ತುಟಿ ಬಿಗಿದುಕೊಂಡು ಕೂತಿದ್ದರು. ಅಮ್ಮನ ಕೈ ಬೀಗಿತ್ತಿಯ ಮಣಿಕಟ್ಟನ್ನು ಹಿಡಿದದ್ದು ಅವಳಿಗೇ ಗೊತ್ತಿರಲಿಲ್ಲ ಅಂತ ಕಾಣುತ್ತದೆ. "ಆಯ್ತು. ಮೊದ್ಲು ಇದು" ಅಂದಳು ಅತ್ತಿಗೆ ಕೊನೆಗೆ. "ನಾನು ಉಳಿದ್ರೆ ತಾನೇ ಆಮೇಲಿನದ್ದು."

ಚೂರಿನಲ್ಲಿ ಕಂಡದ್ದು ಒಳ್ಳೆಯ ಸುದ್ದಿಯಲ್ಲ, ಆದರೆ ಕೈಮೀರಿದ್ದೂ ಅಲ್ಲ. ಔಷಧಿ ಶುರುವಾಯಿತು. ಸ್ಟೀರಾಯ್ಡಿನಿಂದ ಅವಳ ಮುಖ ಉಬ್ಬಿತು, ನಿದ್ದೆ ಹಾಳಾಯಿತು, ಸಣ್ಣ ಮಾತಿಗೂ ಸಿಡುಕಿದಳು. ಅಣ್ಣ ಅವಳ ಸಿಡುಕನ್ನು ಹಬೆಯಂತೆ ಪಕ್ಕಕ್ಕೆ ತಿರುಗಿ ತಪ್ಪಿಸಿಕೊಳ್ಳುವುದನ್ನು ಕಲಿತ. ಮನೆಯ ಅಡುಗೆಯಲ್ಲಿ ಉಪ್ಪು ನಿಂತುಹೋಯಿತು. ಅಣ್ಣ ಒಂದು ದಿನ ಗೊಣಗಿದ: "ಉಪ್ಪಿಗಿಂತ ರುಚಿಯಿಲ್ಲ ಅನ್ನೋ ಗಾದೆ ಈ ಮನೇಲಿ ಯಾರೂ ಕೇಳೇ ಇಲ್ವಾ?"

"ಅದರ ಜೊತೆಗಿನದ್ದೂ ಕೇಳ್ಕೋ. ತಾಯಿಗಿಂತ ಬಂಧುವಿಲ್ಲ" ಅಂದಳು ಅಮ್ಮ. "ಬಂಧು ಬಡಿಸಿದ್ದು ತಿಂದು ಏಳು."

ಅತ್ತಿಗೆ ಬಹಳ ದಿನಗಳ ಮೇಲೆ ಭುಜ ಕುಣಿಸಿ ನಕ್ಕಳು.

ಅಮ್ಮ ಆವಿಯ ಇಸ್ತ್ರಿಗೆ ನಿಂತಳು. ಅವಳ ಬೆರಳಿನ ಕೀಲುಗಳಿಗೆ ಅದು ಸಲ್ಲದ ಕೆಲಸ. ಬೇಡ ಅಂದರೆ, "ನನ್ನ ಕಾಯಿಲೆ ನನಗೆ ಗೊತ್ತು" ಅನ್ನುತ್ತಿದ್ದಳು. 'ನನ್ನ' ಅನ್ನುವುದನ್ನು ಸ್ವಲ್ಪ ಒತ್ತಿ. ಅವಳು ಮಾಡಿದ ಕಾಲರುಗಳು ಅಷ್ಟಕ್ಕಷ್ಟೆ. ಅತ್ತಿಗೆ ಸ್ಟೂಲಿನ ಮೇಲೆ ಕೂತು ಅವನ್ನು ಬೆಳಕಿಗೆ ಹಿಡಿದು, "ಅತ್ತೆ, ಇದು ಇನ್ನೊಂದು ಸಲ" ಎಂದು ಹಿಂದಕ್ಕೆ ಕೊಡುತ್ತಿದ್ದಳು. ಅಮ್ಮ ತೆಪ್ಪಗೆ ಇನ್ನೊಂದು ಸಲ ಮಾಡುತ್ತಿದ್ದಳು. ಬೀಗಿತ್ತಿ ವಾರಕ್ಕೊಮ್ಮೆ ಬಂದು ಮಗಳ ಉಳಿದ ಕೂದಲನ್ನು ನೋಯದ ಹಾಗೆ ಹೆಣೆದು ಹೋಗುತ್ತಿದ್ದರು. ಹೆಣೆಯುವಾಗ ಅಕ್ಕನ ಕಥೆ ಹೇಳುತ್ತಿದ್ದರು. ಸತ್ತದ್ದಲ್ಲ, ಬದುಕಿದ್ದು. ಅಕ್ಕ ಹೇಗೆ ಶಿಳ್ಳೆ ಹಾಕುತ್ತಿದ್ದಳು, ಯಾರ ಜೊತೆ ಜಗಳವಾಡಿ ಹೇಗೆ ಗೆದ್ದಳು.

ಹೀಗೆ ತಿಂಗಳುಗಳು ಹೋದವು. ಕಳೆದ ಬಾರಿ ತಪಾಸಣೆಗೆ ಹೋದಾಗ ಡಾಕ್ಟರು ಫಲಿತಾಂಶವನ್ನು ಎರಡು ಸಲ ಓದಿದರು. ನಾವು ಮೂವರೂ ಅವರ ಮುಖ ಓದುತ್ತಿದ್ದೆವು.

"ಸೋರೋದು ನಾಲ್ಕರಲ್ಲಿ ಒಂದು ಪಾಲಿಗೆ ಇಳಿದಿದೆ. ಪೂರ್ತಿ ನಿಂತಿಲ್ಲ. ಆದ್ರೆ ಕಿಡ್ನಿ ಕೆಲ್ಸ ಮಾಡ್ತಿದೆ."

"ಉಳಿಯುತ್ತಾ?" ಅಂದಳು ಅತ್ತಿಗೆ.

"ಇವತ್ತಿಗೆ ಉಳಿದಿದೆ. ಮುಂದಿನದ್ದಕ್ಕೆ ನಾನು ಮಾತು ಕೊಡೋಕಾಗಲ್ಲ. ಪರೀಕ್ಷೆ ತಪ್ಪಿಸ್ಬೇಡಿ."

"ತಪ್ಪಿಸಲ್ಲ" ಅಂದಳು ಅತ್ತಿಗೆ.

ಹೊರಗಿನ ಕಾರಿಡಾರಿನಲ್ಲಿ ಒಬ್ಬ ಹುಡುಗಿ ಒಂಟಿಯಾಗಿ ಕೂತಿದ್ದಳು. ಕಾಲೇಜು ಮುಗಿಸಿದ ವಯಸ್ಸು ಇರಬೇಕು. ಮೈಬಣ್ಣದಲ್ಲಿ ಅಮ್ಮನ ಹಾಗೂ ಅಲ್ಲ, ಅತ್ತಿಗೆಯ ಹಾಗೂ ಅಲ್ಲ. ಕೈಯಲ್ಲಿದ್ದ ರಕ್ತಪರೀಕ್ಷೆಯ ಹಾಳೆಯನ್ನು ಎಷ್ಟು ಸಲ ಮಡಚಿ ಬಿಚ್ಚಿದ್ದಳೋ, ಗೆರೆ ಗೆರೆಯಾಗಿತ್ತು. ಅಳು ತಡೆದುಕೊಂಡಿದ್ದಳು. ಅತ್ತಿಗೆ ಅವಳ ಪಕ್ಕ ಹೋಗಿ ಕೂತಳು.

"ಇವತ್ತು ಗೊತ್ತಾಯ್ತಾ?"

ಹುಡುಗಿ ತಲೆಯಾಡಿಸಿದಳು. ಅಮ್ಮ ಆ ಕಡೆ ಕೂತಳು. ಅವಳ ಬಾಯಿ ತೆರೆದದ್ದು ಕಂಡೆ. ಧೈರ್ಯ ಹೇಳಲು, ಇಷ್ಟು ವರ್ಷ ತಾನು ಹೇಗಿದ್ದೇನೆ ಅಂತ ತೋರಿಸಲು ಅವಳ ಬಳಿ ಎಲ್ಲ ಸಿದ್ಧವಿತ್ತು. ಮುಚ್ಚಿಕೊಂಡಳು.

"ನಿನಗೆ ಎಲ್ಲಿ ಶುರುವಾಯ್ತು?" ಎಂದು ಕೇಳಿದಳು ಅತ್ತಿಗೆ.

ಹುಡುಗಿ ಹಾಳೆ ನೋಡಿದಳು, ತನ್ನ ಕೈ ನೋಡಿದಳು, ಎಲ್ಲಿಂದ ಹೇಳಲಿ ಅನ್ನುವಂತೆ ಕಾರಿಡಾರಿನ ತುದಿ ನೋಡಿದಳು. ನಾನು ವ್ಯಾನನ್ನು ನಿಲ್ಲಿಸಬಾರದ ಕಡೆ ನಿಲ್ಲಿಸಿ ಬಂದಿದ್ದೆ. ಅದನ್ನು ಹೇಳಲು ಹೋಗಿ ಬಿಟ್ಟೆ. ಅವರಿಬ್ಬರೂ ಆ ಹುಡುಗಿಯ ಎರಡೂ ಪಕ್ಕದಲ್ಲಿ, ಏನೂ ಅನ್ನದೆ, ಅವಳು ಮಾತಾಡುವವರೆಗೂ ಕೂತಿದ್ದರು.